ಹುಳದ ಮನೆಯ ಗಾಳಿ

ನವೆಂಬರ್ 9, ಶನಿವಾರ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಕಾಗುಣಿತವೂ ಸರಿಯಿಲ್ಲ, ಒತ್ತು ಎಲ್ಲಿ ಕೊಡಬೇಕು, ಎಲ್ಲಿ ಬಿಡಬೇಕು ಅನ್ನುವುದು ಈಗಲೂ ಅಂದಾಜಿನ ಮೇಲೆ. ಇದನ್ನು ಓದುವವರು ಯಾರೂ ಇಲ್ಲ. ಆದರೂ ಮೊದಲೇ ತಪ್ಪಾಯಿತು ಅಂದುಬಿಟ್ಟರೆ ಬರೆಯುವುದಕ್ಕೆ ಧೈರ್ಯ ಬರುತ್ತದೆ.

ನಮ್ಮೂರಲ್ಲಿ ಐದನೇ ಕ್ಲಾಸಿನ ತನಕ ಸ್ಕೂಲಿತ್ತು. ಆರಕ್ಕೆ ಲೊಕ್ಕನಹಳ್ಳಿಗೆ ನಡೆಯಬೇಕಿತ್ತು. ಆ ವರ್ಷ ಆ ದಾರಿಯಲ್ಲಿ ಆನೆ ಒಬ್ಬರನ್ನು ತುಳಿಯಿತು. ಅವ್ವ ನನ್ನನ್ನು ಕಳಿಸಲಿಲ್ಲ. ಆಮೇಲೆ ಮನೆ, ಸೊಪ್ಪು, ರೇಷ್ಮೆ ಹುಳ, ಇಷ್ಟರಲ್ಲೇ ಬೆಳೆದೆ. ಹೊರಗಿನವರು ಏನಾದರೂ ಕೇಳಿದರೆ ನನಗೆ ಬಾಯಿ ಕಟ್ಟುತ್ತದೆ. ಬರೆಯಲು ಹೇಳಿದವಳು ಅತ್ತಿಗೆ. "ಬಾಯ್ಲಿ ಬರ್ದೇ ಇದ್ರೆ ಕೈಲಾದ್ರೂ ಬರ್ಲಿ ಪವಿ. ಒಳಗೇ ಮಡಿಕಂಡ್ರೆ ಕೊಳ್ತೋಯ್ತದೆ" ಅಂದಳು. ಅತ್ತಿಗೆ ಅಂದರೆ ನನ್ನ ಅಣ್ಣ ಶಿವರಾಜನ ಹೆಂಡತಿ ಪ್ರೇಮಾ. ತಮಿಳುನಾಡಿನ ಗಡಿಯ ಮಾರ್ಟಳ್ಳಿಯ ಹುಡುಗಿ. ಸಿಟ್ಟು ಬಂದರೆ ತಮಿಳಿನಲ್ಲಿ ಬೈಯುತ್ತಾಳೆ. ಅದು ಪೂರ್ತಿ ಅರ್ಥವಾಗುವುದು ಅಪ್ಪನಿಗೆ ಮಾತ್ರ. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋಗುತ್ತಾನೆ.

ಇವತ್ತು ಮರಿ ಹುಳ ಬಂದವು. ಹುಳ ಬಂದ ಮೇಲೆ ಹುಳದ ಮನೆಯ ಕಾನೂನೇ ಬೇರೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು ಇರುತ್ತದೆ, ಕಾಲು ಅದ್ದಿಯೇ ಒಳಗೆ ಹೋಗಬೇಕು. ಸೆಂಟು, ಪೌಡರು, ಬೀಡಿ, ಸೊಳ್ಳೆ ಬತ್ತಿ ಯಾವುದೂ ಹತ್ತಿರ ಸುಳಿಯಬಾರದು. ಸಾವಿನ ಮನೆಯವರು ಹೊಸ್ತಿಲು ತುಳಿಯಬಾರದು. ಒಂದು ಸಲ ಯಳಂದೂರಿನಿಂದ ನಮ್ಮ ಮಾವನ ಮಗ ಸೆಂಟು ಹೊಡೆದುಕೊಂಡು ಬಂದು ಹುಳ ನೋಡಿ ಹೋದ. ಎರಡು ದಿನಕ್ಕೆ ಬೆಳೆಯೆಲ್ಲ ಕೊಳೆಯಿತು. ಅವನ ಮದುವೆಗೆ ಅವ್ವ ಹೋಗಲೇ ಇಲ್ಲ.

ಅತ್ತಿಗೆಗೆ ಉಬ್ಬಸ. ಬಾಯಿಗಿಟ್ಟು ಒತ್ತಿ ಎಳೆದುಕೊಳ್ಳುವ ಪಂಪು ಎರಡು ಕೊಟ್ಟಿದ್ದಾರೆ. ಒಂದು ದಿನಾ ಎಳೆಯುವುದು, ಇನ್ನೊಂದು ಉಸಿರು ಕಟ್ಟಿದಾಗ ಎಳೆಯುವುದು. ಅದು ಪುಸ್ ಅನ್ನುವುದನ್ನು ನೋಡಿ ಅವ್ವ, "ಉಳ ಸಾಯ್ಸೋ ಔಸ್ದಿ ತರಾನೇ ಐತಲ್ಲವ್ವ ಇದು" ಅಂದು ಎರಡನ್ನೂ ಚೀಲಕ್ಕೆ ಹಾಕಿಸಿ ದನದ ಕೊಟ್ಟಿಗೆಯ ಜಂತಿಗೆ ತೂಗಿಸಿದ್ದಾಳೆ. ದಿನಾ ಎಳೆಯುವುದನ್ನು ಅತ್ತಿಗೆ ಬಿಟ್ಟೇಬಿಟ್ಟಿದ್ದಾಳೆ. ಚೆನ್ನಾಗಿರುವಾಗ ಔಷಧಿ ಯಾಕೆ ಅಂತ ಅವ್ವ ಕೇಳಿದ್ದಳು.

ನವೆಂಬರ್ 14, ಗುರುವಾರ

ಹುಳ ಮೂರನೇ ಜ್ವರ ಕಳೆದವು. ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲುಗದೆ ಕೂತು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಎದ್ದ ಮೇಲೆ ಹಸಿವು ಜಾಸ್ತಿ. ಬೆಳಿಗ್ಗೆಯಿಂದ ಸೊಪ್ಪು ಕೊಯ್ದು ಬೆನ್ನು ಹಿಡಿದಿದೆ.

ಮೊನ್ನೆ ಅಪ್ಪನ ಜೊತೆ ಕೊಳ್ಳೇಗಾಲಕ್ಕೆ ಹೋಗಿದ್ದೆ, ಹುಳದ ಕೆಳಗೆ ಹಾಸಲು ಹಳೇ ಪೇಪರು ತರಲು. ಬಸ್ಸಿನಲ್ಲಿ ಪಕ್ಕದ ಹೆಂಗಸಿನ ತೊಡೆಯ ಮೇಲಿನ ಮಗು ನನ್ನ ಮುಖಕ್ಕೇ ಸೀನುತ್ತಿತ್ತು. ಮುಖ ತಿರುಗಿಸಿದರೆ ಅವರಿಗೆ ಬೇಜಾರಾಗುತ್ತದೇನೋ ಅಂತ ಹಾಗೇ ಕೂತಿದ್ದೆ. ಇವತ್ತು ನನ್ನ ಮೂಗು ಸೋರುತ್ತಿದೆ.

ನವೆಂಬರ್ 19, ಮಂಗಳವಾರ

ನನ್ನ ನೆಗಡಿ ಹೋಯಿತು. ಅತ್ತಿಗೆಗೆ ಬಂತು. ಅವಳಿಗೆ ಮೂಗಿನಲ್ಲಿ ನಿಲ್ಲಲಿಲ್ಲ, ಎದೆಗೆ ಇಳಿಯಿತು. ಸೊಪ್ಪು ಹಾಕುವಾಗ ಅವಳ ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು.

ಅವ್ವನಿಗೆ ಇದರಿಂದ ಗಾಬರಿಯಿಲ್ಲ. ಅವ್ವನೂ ಕೆಮ್ಮುತ್ತಾಳೆ, ನನಗೆ ಬುದ್ಧಿ ಬಂದಾಗಿನಿಂದ. ನಮ್ಮ ಅಜ್ಜಿಯೂ ಕೆಮ್ಮುತ್ತಿದ್ದಳಂತೆ. "ಮನೆಯೋರು ಕೆಮ್ಮುದ್ರೆ ಉಳ ಚೆಂದಾಗಿ ಮೇಯ್ತಾವೆ ಅಂತ್ಲೇ ಲೆಕ್ಕ ಕಣವ್ವ" ಅಂದಳು.

ಅತ್ತಿಗೆ ಕೆಮ್ಮಿನ ನಡುವೆಯೇ, "ಅಂಗಾದ್ರೆ ಈ ಸತಿ ಗೂಡು ಕೋಳಿ ಮೊಟ್ಟೆಯಷ್ಟು ಆಗ್ತದೆ ಬುಡಿ ಅತ್ತೆ" ಅಂದಳು. ಅವ್ವನೂ ನಕ್ಕಳು.

ನವೆಂಬರ್ 22, ಶುಕ್ರವಾರ

ನಡೆದಂತೆ ಬರೆಯುತ್ತೇನೆ.

ಹುಳ ಈಗ ಬೆರಳಿನಷ್ಟು ಆಗಿವೆ. ತಿನ್ನುವ ಸದ್ದು ಸೋನೆ ಮಳೆ ಬಿದ್ದ ಹಾಗೆ. ಮಧ್ಯಾಹ್ನ ನಾನೂ ಅತ್ತಿಗೆಯೂ ಕಸ ತೆಗೆಯುತ್ತಿದ್ದೆವು. ಹಿಕ್ಕೆ, ಒಣಗಿದ ಸೊಪ್ಪು, ಉದುರಿದ ಪೊರೆ, ಸುಣ್ಣದ ಪುಡಿ, ಎಲ್ಲ ಒಟ್ಟಿಗೆ ಎದ್ದು ಬೆಳಕಿನಲ್ಲಿ ತೇಲುತ್ತಿತ್ತು. ಚಳಿಗೆ ಅಂತ ಕಿಟಕಿಗೆಲ್ಲ ಗೋಣಿ ಕಟ್ಟಿದ್ದೇವೆ. ಅತ್ತಿಗೆ ಕೈಲಿದ್ದ ಬುಟ್ಟಿ ಬಿಟ್ಟು ಕೂತಳು. ಎರಡು ಕೈಯನ್ನೂ ಮಂಡಿಗೆ ಊರಿ, ಹೆಗಲು ಮೇಲೆತ್ತಿ ಉಸಿರು ಎಳೆಯುತ್ತಿದ್ದಳು. ಕತ್ತಿನ ಗುಳಿ ಒಳಗೆ ಹೋಗುತ್ತಿತ್ತು. "ಪಂಪು" ಅಂದಳು. ಅಷ್ಟೇ ಹೇಳಲು ಆದದ್ದು.

ನಾನು ಕೊಟ್ಟಿಗೆಗೆ ಓಡಿದೆ. ಚೀಲ ತಂದೆ. ಬಾಗಿಲಿಗೆ ಬಂದು ನಿಂತೆ. ಕಾಲಿಗೆ ಸಗಣಿ ಆಗಿತ್ತು. ಬ್ಲೀಚಿಂಗ್ ನೀರಿಗೆ ಒಂದು ಕಾಲು ಅದ್ದಿದೆ, ಇನ್ನೊಂದು ಕಾಲು ಅದ್ದಿದೆ, ಕೈ ತೊಳೆದೆ. ಆಮೇಲೆ ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಪಂಪು ಕೈಲಿದೆಯಲ್ಲ. "ಅತ್ಗೆ, ಈಚೆ ಬನ್ನಿ" ಅಂದೆ. ಅವಳು ನನ್ನನ್ನು ನೋಡಿದಳು. ಏಳಲು ಹೋಗಿ ಆಗದೆ ಮತ್ತೆ ಕೂತಳು. ನಾನು ಅಲ್ಲೇ ನಿಂತು ಬನ್ನಿ ಬನ್ನಿ ಅನ್ನುತ್ತಿದ್ದೆ.

ಸೊಪ್ಪಿನ ಹೊರೆ ಹೊತ್ತು ಬಂದ ಅಪ್ಪ ಹೊರೆ ಎಸೆದು ಒಳಗೆ ನುಗ್ಗಿದ. ಕಾಲು ಅದ್ದಲಿಲ್ಲ. ಅವಳನ್ನು ತೋಳಿನಡಿ ಹಿಡಿದು ಎಳೆದು ತಂದ. ಜಗುಲಿಯ ಮೇಲೆ ಪಂಪು ಎಳೆಸಿದೆವು. ಸಾಲಲಿಲ್ಲ. ಅಣ್ಣ ಪಕ್ಕದ ಮನೆಯ ನಾಗರಾಜುವಿನ ಆಟೋ ತಂದ. ನಾನೂ ಹತ್ತಿದೆ.

ನವೆಂಬರ್ 23, ಶನಿವಾರ, ಕೊಳ್ಳೇಗಾಲ

ಆಸ್ಪತ್ರೆಯಲ್ಲಿ ಅತ್ತಿಗೆಯ ಮೂಗಿಗೆ ಆಕ್ಸಿಜನ್ ಇಟ್ಟಿದ್ದಾರೆ. ತುಟಿಗೆ ಮತ್ತೆ ಬಣ್ಣ ಬಂದಿದೆ. ನಿದ್ದೆ ಮಾಡುತ್ತಿದ್ದಾಳೆ.

ಡಾಕ್ಟರ ಹೆಸರು ಶಾಂತಮೂರ್ತಿ. "ಮನೇಲಿ ಏನ್ ಕೆಲಸ ಮಾಡ್ತೀರಿ?" ಅಂತ ಕೇಳಿದರು. ಅಪ್ಪ, "ಬೇಸಾಯ ಸಾ" ಅಂದ. ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಅತ್ತಿಗೆಯ ಸೆರಗಿನಿಂದ ಏನನ್ನೋ ಬಿಡಿಸಿ ಬೆರಳ ತುದಿಯಲ್ಲಿ ಹಿಡಿದರು. ಒಣಗಿದ ಪೊರೆ. "ರೇಷ್ಮೆ ಹುಳಾನಾ?" ಅಂದರು. ನಾನು ತಲೆಯಾಡಿಸಿದೆ.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಅರ್ಧ ಅವರ ಮಾತು, ಅರ್ಧ ನನ್ನದು.

ಎದೆಯೊಳಗೆ ಉಸಿರಿನ ಕೊಳವೆಗಳು ಮರವನ್ನು ತಲೆಕೆಳಗು ಮಾಡಿದ ಹಾಗೆ ಕವಲೊಡೆದಿರುತ್ತವಂತೆ. ಒಳಗೋಡೆಗೆ ತೆಳ್ಳಗೆ ಲೋಳೆ, ಕಣ್ಣಿಗೆ ಕಾಣದ ಕೂದಲು. ಧೂಳು ಲೋಳೆಗೆ ಅಂಟುತ್ತದೆ, ಕೂದಲು ಅದನ್ನು ಮೇಲಕ್ಕೆ ತಳ್ಳುತ್ತದೆ. ವೈರಸ್ಸು ಬಂದರೆ ಅದು ಹೊಕ್ಕ ಜೀವಕಣವೇ ಅಕ್ಕಪಕ್ಕದ ಕಣಗಳಿಗೆ ಸುದ್ದಿ ಕಳಿಸುತ್ತದಂತೆ. ಅವು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ವೈರಸ್ಸು ಹೊಕ್ಕ ಕಣಗಳನ್ನು ಕೊಲ್ಲುವ ಕಣಗಳು ರಕ್ತದಿಂದ ಬರುತ್ತವೆ. ನನ್ನ ನೆಗಡಿ ಮೂಗಿನಲ್ಲೇ ಮುಗಿದದ್ದು ಹಾಗೆ.

ಅತ್ತಿಗೆಯ ಎದೆ ಹುಳದ ಧೂಳನ್ನೇ ವೈರಿ ಅಂದುಕೊಂಡಿದೆ. ಧೂಳು ತಾನಾಗಿ ಯಾರನ್ನೂ ಕೊಲ್ಲುವುದಿಲ್ಲ. ಆದರೆ ಕರುಳಿಗೆ ಸೇರಿದ ಜಂತುಹುಳವನ್ನು ಓಡಿಸಲು ದೇಹ ಇಟ್ಟುಕೊಂಡಿರುವ ಕಣಗಳು ಈ ಧೂಳಿಗೇ ಎದ್ದು ಬರುತ್ತವಂತೆ. ಕೊಳವೆ ಊದಿಕೊಳ್ಳುತ್ತದೆ, ಸುತ್ತಲಿನ ಮಾಂಸ ಬಿಗಿಯುತ್ತದೆ, ಲೋಳೆ ಗಟ್ಟಿಯಾಗಿ ತುಂಬುತ್ತದೆ. ದಿನಾ ಹೀಗೇ ಆಗುವ ಎದೆಗೆ ವೈರಸ್ಸು ಬಂದರೆ ಆ ಸುದ್ದಿ ತಡವಾಗಿ ಹೋಗುತ್ತದೆ, ಕಡಿಮೆ ಹೋಗುತ್ತದೆ. ಅಷ್ಟರಲ್ಲಿ ವೈರಸ್ಸು ಬೆಳೆದಿರುತ್ತದೆ, ಮೊದಲೇ ಊದಿದ್ದು ಇನ್ನೂ ಊದುತ್ತದೆ.

"ದಿನಾ ಎಳೆಯೋ ಪಂಪು ಇದೆಯಲ್ಲ, ಅದು ಈ ಊತಕ್ಕೆ. ಚೆನ್ನಾಗಿದ್ದಾಗಲೂ ಬಿಡಬಾರದು. ಇನ್ನೊಂದು ಬರೀ ಬಿಗಿದದ್ದನ್ನ ಸಡಿಲ ಮಾಡುತ್ತೆ, ಒಳಗಿನ ಊತ ಹಾಗೇ ಇರುತ್ತೆ. ಅದನ್ನೇ ನಂಬಿಕೊಂಡು ಹುಳದ ಮನೆಗೆ ಹೋದರೆ ಒಂದು ದಿನ ಅದೂ ಕೈ ಕೊಡುತ್ತೆ" ಅಂದರು. ಆಮೇಲೆ, "ಈಕೆ ಇನ್ನು ಹುಳದ ಹತ್ತಿರ ಹೋಗಬಾರದು ಯಜಮಾನ್ರೆ. ಜೀವಕ್ಕೆ ಅಪಾಯ" ಅಂದರು. ಅಪ್ಪ ಕೈಮುಗಿದ.

ಪಂಪು ಬಳಸಿದರೆ ಹುಳ ಸಾಯುತ್ತವಾ ಅಂತ ನಾನು ಕೇಳಬೇಕಿತ್ತು. ಅವರು ಮುಂದಿನ ಮಂಚಕ್ಕೆ ಹೋದರು.

ನವೆಂಬರ್ 25, ಸೋಮವಾರ

ಇವತ್ತೂ ಆಸ್ಪತ್ರೆ. ಅಪ್ಪ ಡಾಕ್ಟರ ಮಾತನ್ನು ತನ್ನ ಧಾಟಿಗೆ ತಂದುಕೊಂಡು ಅತ್ತಿಗೆಗೆ ಹೇಳುತ್ತಿದ್ದ. "ನಮ್ಮ ಪುಟ್ಟಮಾದಯ್ಯ ಇಲ್ವಾ, ಲೊಕ್ಕನಳ್ಳಿಲಿ? ರಾಗಿ ಒಲದಲ್ಲಿ ಕಾವಲು ಕೂತ್ಕಂಡು ಎಲೆ ಅಲ್ಲಾಡುದ್ರೆ ಪಟಾಕಿ, ಮೊಲ ಓಡುದ್ರೆ ಪಟಾಕಿ. ಒಂದು ದಿನ ನಿಜವಾಗ್ಲೂ ಆನೆ ಬಂತು. ಚೀಲಕ್ಕೆ ಕೈ ಆಕ್ತಾನೆ, ಒಂದೂ ಇಲ್ಲ. ನಿನ್ ಎದೆ ಒಳಗೆ ಕೂತಿರೋನೂ ಅಂತೋನೇ ಕಣವ್ವ."

ಅತ್ತಿಗೆ ಮೆಲ್ಲಗೆ, "ಅವ್ನು ನಿಮ್ ಕಡೆಯೋನಾ ಮಾವ? ಅದಕ್ಕೇ ಇಂಗೆ" ಅಂದು ನಕ್ಕಳು. ಆ ನಗುವಿಗೇ ಕೆಮ್ಮು ಬಂದು ನರ್ಸಮ್ಮ ಬೈದರು.

ಡಿಸೆಂಬರ್ 3, ಮಂಗಳವಾರ

ಅತ್ತಿಗೆಯನ್ನು ಆಸ್ಪತ್ರೆಯಿಂದಲೇ ಮಾರ್ಟಳ್ಳಿಗೆ ಕಳಿಸಿದರು. ಗೂಡು ಬಿಡಿಸಿದ್ದಾಯಿತು. ಚೆನ್ನಾಗಿದೆ. "ನೋಡ್ದಾ, ಕೆಮ್ಮು ಸುಳ್ಳೇಳಕಿಲ್ಲ" ಅಂದಳು ಅವ್ವ. ಅವಳಲ್ಲಿ ಕೆಟ್ಟತನವಿಲ್ಲ. ಅತ್ತಿಗೆಗೆ ಅಂತ ಹಸುವಿನ ತುಪ್ಪ ಕಾಯಿಸಿ ಅಣ್ಣನ ಕೈಲಿ ಕಳಿಸಿದ್ದಾಳೆ.

ಅವಳ ಪಾಲಿನ ಕೆಲಸ ನನ್ನ ಮೇಲೆ ಬಿದ್ದಿದೆ. ಹುಳದ ಮನೆ ಗುಡಿಸಿ ತೊಳೆದೆ. ಕೆಮ್ಮು ಬಂತು, ಧೂಳಿಗೆ.

ಡಿಸೆಂಬರ್ 29, ಭಾನುವಾರ

ಮುಂದಿನ ಬೆಳೆಯ ಹುಳ ಬಂದು ಮೂರು ದಿನ. ಅತ್ತಿಗೆ ತಾನೇ ಬಸ್ಸು ಹತ್ತಿ ಬಂದುಬಿಟ್ಟಳು. ಕೆನ್ನೆ ತುಂಬಿಕೊಂಡಿದೆ. ತವರಿನ ಗಾಳಿಗೆ ಎದೆ ಹಗುರಾಯಿತಂತೆ. ದಿನದ ಪಂಪು ಮುಗಿದು ಎಷ್ಟೋ ದಿನವಾಯಿತು, ಬೇಕು ಅನ್ನಿಸಲೇ ಇಲ್ಲವಂತೆ.

ಬರೀ ಅಡುಗೆ, ಹುಳದ ಮನೆ ಕಡೆ ತಲೆಯೂ ಹಾಕಬಾರದು ಅಂತ ಅಣ್ಣ ಮಾತು ತೆಗೆದುಕೊಂಡ. ಅವ್ವನೂ ಹೂಂ ಅಂದಳು. ಅತ್ತಿಗೆ ನನ್ನನ್ನು ನೋಡಿ, "ಏನಮ್ಮಿ ಪವಿ, ಮಕ ಇಷ್ಟಗಲ ಆಗ್ಯದೆ? ಅಡ್ಗೆ ಮಾಡೋರು ಬಂದ್ರು ಅಂತ್ಲಾ?" ಅಂದಳು. ಇಷ್ಟು ದಿನ ಮನೆಯಲ್ಲಿ ಯಾರೂ ನನ್ನ ಮುಖ ನೋಡಿರಲಿಲ್ಲ.

ಜನವರಿ 8, ಬುಧವಾರ

ಅಣ್ಣನಿಗೆ ನೆಗಡಿ. ಇವತ್ತು ಸಾರು ಕುದಿಯುವಾಗ ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವುದನ್ನು ನೋಡಿದೆ. ಈರುಳ್ಳಿಗೆ ಅಂದಳು. ಈರುಳ್ಳಿ ಹೆಚ್ಚಿದ್ದು ನಾನು.

ಕೊಳ್ಳೇಗಾಲಕ್ಕೆ ಹೋಗೋಣವಾ ಅಂದೆ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಸಂಕ್ರಾಂತಿ ಹಬ್ಬ ಕಳೆಯಲಿ ಅಂದಳು.

ಜನವರಿ 11, ಶನಿವಾರ

ಅತ್ತಿಗೆ ಹೋಗಿಬಿಟ್ಟಳು.

ಜನವರಿ 13, ಸೋಮವಾರ

ಶನಿವಾರ ಬೆಳಿಗ್ಗೆ ಹುಳ ಒಂದೇ ಸಲಕ್ಕೆ ಹಣ್ಣಾದವು. ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕುತ್ತವೆ. ಆಗಲೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಸುರುಳಿ ಸುತ್ತಿದ ಬಿದಿರಿನ ತಟ್ಟಿ. ತಡವಾದರೆ ನೂಲೆಲ್ಲ ಕಸಕ್ಕೆ ಸುತ್ತಿ ಹಾಳಾಗುತ್ತದೆ. ಹಬ್ಬದ ಸುಗ್ಗಿ, ಕೂಲಿಗೆ ಯಾರೂ ಬರಲಿಲ್ಲ. ನಾವು ನಾಲ್ವರು ಆರಿಸುತ್ತಿದ್ದೆವು. ಅತ್ತಿಗೆ ಮೂಗಿಗೆ ಸೆರಗು ಕಟ್ಟಿಕೊಂಡು ಬಾಗಿಲಿಗೆ ಬಂದಳು.

"ನೀನ್ ಬ್ಯಾಡ, ನಡಿ" ಅಂದ ಅಣ್ಣ.

"ಒಂದು ಸಾಲು ಕಣ್ರಿ. ಸುಮ್ಕೆ ಕೂತ್ಕಂಡು ನೋಡಕ್ಕಾಯ್ತದಾ" ಅಂದಳು.

ನಾನೂ ಬೇಡ ಅಂದೆ. ಕೇಳಿಸಲಿಲ್ಲ ಅಂತ ಕಾಣುತ್ತದೆ. ಅವ್ವ ಕೆಮ್ಮುತ್ತಾ ಆರಿಸುತ್ತಲೇ ಇದ್ದಳು.

ಉಸಿರು ಕಟ್ಟಿದಾಗ ಎಳೆಯುವ ಪಂಪನ್ನು ಈ ಸಲ ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಚಂದ್ರಿಕೆಯ ಹಿಂದೆ ಹೋಗಿ ಎಳೆಯುವುದನ್ನು ನೋಡಿದೆ. ಒಂದು ಸಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಒಂದು ಸಾಲು ಮುಗಿಯಿತು, ಎರಡನೆಯದಕ್ಕೆ ಕೈ ಹಾಕಿದಳು. ಮತ್ತೆ ಎಳೆದಳು. ಆಮೇಲೆ ಪಂಪನ್ನು ಕೈಯಲ್ಲಿ ಅಲ್ಲಾಡಿಸಿ ನನ್ನ ಕಡೆ ನೋಡಿದಳು. ಔಷಧಿ ಬರುತ್ತಿತ್ತು. ಒಳಗೆ ಹೋಗುವುದಕ್ಕೆ ದಾರಿ ಇರಲಿಲ್ಲ.

ನಾಗರಾಜುವಿನ ಆಟೋದಲ್ಲಿ ಕೊಳ್ಳೇಗಾಲಕ್ಕೆ ಹೊರಟೆವು. ಹನೂರು ದಾಟಿದ ಮೇಲೆ ಅವಳ ಎದೆಯ ಗುರುಗುರು ನಿಂತಿತು. ಸದ್ದು ನಿಂತದ್ದು ಒಳ್ಳೆಯದು ಅಂದುಕೊಂಡೆ. ಅಣ್ಣನಿಗೂ ಹಾಗೇ ಹೇಳಿದೆ.

ಕೊಳ್ಳೇಗಾಲದಲ್ಲಿ ಅದೇ ಡಾಕ್ಟರು. "ಹುಳದ ಮನೆಗೆ ಹೋಗಿದ್ದಳಾ?" ಅಂದರು. ಅಣ್ಣ ಅಪ್ಪನನ್ನು ನೋಡಿದ. "ಓಗಿದ್ರು ಸಾ. ಎರಡನೇ ಸಾಲಲ್ಲಿದ್ರು" ಅಂದೆ.

ಮಧ್ಯಾಹ್ನದ ಮೇಲೆ ಅವಳ ದೇಹವನ್ನು ಮನೆಗೆ ತಂದು ಜಗುಲಿಯ ಮೇಲೆ ಮಲಗಿಸಿದರು. ಮಾರ್ಟಳ್ಳಿಯವರು ಬರಬೇಕಿತ್ತು. ಜನ ಸೇರಿದ್ದರು. ಒಳಗೆ ಅರ್ಧ ಹುಳ ಹಾಗೇ ಇದ್ದವು, ಆಗಲೇ ನೂಲು ಬಿಡುತ್ತಿದ್ದವು. ಅವ್ವ ಅತ್ತಿಗೆಯ ತಲೆಯ ಹತ್ತಿರ ಕೂತು ಎದೆ ಬಡಿದುಕೊಂಡು ಅತ್ತಳು. ಅತ್ತು ಸಾಕಾಗಿ ಎದ್ದಳು. ಹುಳದ ಮನೆಯ ಬಾಗಿಲಿಗೆ ಹೋಗಿ ಬ್ಲೀಚಿಂಗ್ ನೀರಿಗೆ ಕಾಲು ಅದ್ದಿದಳು.

"ಸೂತಕದಲ್ಲಿ ಒಳಗೆ ಓಗಬಾರ್ದು ಅಲ್ವೇನವ್ವ" ಅಂದೆ. ಜನರೆಲ್ಲ ತಿರುಗಿ ನೋಡಿದರು.

"ಅವೇನ್ ತಪ್ಪು ಮಾಡವವ್ವ? ಬಾಯಿಲ್ಲದವು" ಅಂದು ಒಳಗೆ ಹೋದಳು. ಕೆಮ್ಮುತ್ತಾ ಒಂದೊಂದೇ ಆರಿಸತೊಡಗಿದಳು. ಅವಳೊಬ್ಬಳ ಕೈಲಿ ಆಗುವ ಕೆಲಸವಲ್ಲ. ನಾನೂ ಕಾಲು ಅದ್ದಿ ಹೋದೆ.

ಜನವರಿ 20, ಸೋಮವಾರ

ಗೂಡು ಬಿಡಿಸಿದೆವು. ಹುಳಕ್ಕೆ ಏನೂ ಆಗಿಲ್ಲ. ಪಂಪಿನ ಗಾಳಿ ತಾಗಿದ ಸಾಲುಗಳನ್ನು ಬೇರೆಯಾಗಿ ನೋಡಿದೆ. ಮಿಕ್ಕವು ಹೇಗಿವೆಯೋ ಅವೂ ಹಾಗೇ ಇವೆ, ಗಟ್ಟಿಯಾಗಿ, ಬೆಳ್ಳಗೆ. ಒಂದು ಹಿಡಿ ತಂದು ಅವ್ವನ ಮಡಿಲಿಗೆ ಹಾಕಿ ಯಾವ ಸಾಲಿನವು ಅಂತ ಹೇಳಿದೆ. ಒಳಗಿನ ಹುಳ ಸತ್ತು ಅಂಟಿದೆಯೋ ಅಂತ ಅವ್ವ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು. ಎಲ್ಲವನ್ನೂ ಹಾಗೆ ನೋಡಿದಳು. ಆ ದಿನ ಊಟ ಮಾಡಲಿಲ್ಲ.

ಅಣ್ಣ ಕಿಟಕಿಯ ಗೋಣಿಗಳನ್ನೆಲ್ಲ ಕಿತ್ತು ಹಿತ್ತಲಲ್ಲಿ ಸುಟ್ಟ.

ಜನವರಿ 31, ಶುಕ್ರವಾರ

ಬರೆಯಲು ಏನೂ ಇಲ್ಲ. ಸೊಪ್ಪಿನ ಹೊರೆ ತರುವಾಗ ಬಾವಿಯ ಹತ್ತಿರ ಒಂದು ಸಲ, ಬೇವಿನ ಮರದ ಹತ್ತಿರ ಒಂದು ಸಲ ದಮ್ಮು ಸಾಲದೆ ಕೂತುಕೊಂಡೆ. ಮೊದಲು ಹೀಗೆ ಕೂರುತ್ತಿರಲಿಲ್ಲ. ಚಳಿ ಹೆಚ್ಚಾಗಿರಬೇಕು.

ಫೆಬ್ರವರಿ 12, ಬುಧವಾರ

ಮತ್ತೆ ಹುಳ ತಂದಿದ್ದಾರೆ. ಬೇರೆ ಏನು ಮಾಡುವುದು ಅಂತ ಅಪ್ಪನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವ್ವನ ಕೆಮ್ಮು ಈಗ ಮಾತು ಮುಗಿಸಲು ಬಿಡುವುದಿಲ್ಲ. ಅದನ್ನು ಕೇಳಿ ಪಕ್ಕದ ಮನೆಯ ಪುಟ್ಟಗೌರಮ್ಮ, "ಈ ಸತಿ ಬೆಳೆ ಜೋರು ಅನ್ನು" ಅಂದರು. ಹಾಗೆ ಅನ್ನಬೇಡಿ ಅಂದೆ. ಅವರಿಗೆ ಬೇಜಾರಾಯಿತು. ಆಗಲಿ.

ಫೆಬ್ರವರಿ 17, ಸೋಮವಾರ

ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಿಗೆ ಅವ್ವನನ್ನು ಹೊರಡಿಸಿದೆ. "ಸೊಪ್ಪು ಆಕ್ಬುಟ್ಟು ಓಗಾನ ಕಣವ್ವ, ಉಳ ಅಸ್ಕಂಡವೆ" ಅಂತ ಬಸ್ಸು ಬರುವ ತನಕ ಹೇಳುತ್ತಲೇ ಇದ್ದಳು. ಅಣ್ಣ ಹಾಕುತ್ತಾನೆ ಅಂದೆ. ಸೀಟಿನಲ್ಲಿ ಕೂತ ಮೇಲೂ ಅದೇ. ಹನೂರು ದಾಟಿದ ಮೇಲೆ ಕಿಟಕಿಯ ಸರಳು ಹಿಡಿದುಕೊಂಡು, "ಅವತ್ತು ಇಲ್ಲೇ ಅಲ್ವಾ?" ಅಂದಳು. ಇಲ್ಲೇ ಅಂದೆ.

ಚೀಟಿ ಕೊಡುವ ಕಡೆ ಅವ್ವನ ಹೆಸರು ಕೇಳಿದರು. ಅವ್ವ ನನ್ನ ಮುಖ ನೋಡಿದಳು. ಪುಟ್ಟಮಾದಮ್ಮ, ರೇಷ್ಮೆ ಹುಳ ಸಾಕುತ್ತಾರೆ, ಕೆಮ್ಮು, ಉಬ್ಬಸ ಅಂತ ನಾನೇ ಹೇಳಿದೆ.

ಡಾಕ್ಟರು ನಮ್ಮನ್ನು ಗುರುತು ಹಿಡಿದರು, ಆದರೆ ಅತ್ತಿಗೆಯ ಮಾತೆತ್ತಲಿಲ್ಲ. ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು ಜೋರಾಗಿ ಊದಲು ಹೇಳಿದರು. ಅದರೊಳಗೆ ಒಂದು ಮುಳ್ಳಿದೆ, ಎದೆಯಲ್ಲಿ ದಾರಿ ಎಷ್ಟು ತೆರೆದಿದೆಯೋ ಅಷ್ಟು ದೂರ ಸರಿಯುತ್ತದಂತೆ. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಾಚಿಕೊಂಡಳು. "ಒಲೆ ಊದಂಗೆ ಊದವ್ವ" ಅಂದೆ. ಊದಿದಳು. ಮುಳ್ಳು ಸ್ವಲ್ಪವೇ ಸರಿಯಿತು. ಮೂರು ಸಲ ಊದಿಸಿದರು. ಮೂರು ಸಲವೂ ಅಲ್ಲಿಗೇ ನಿಂತಿತು.

"ಎಷ್ಟು ವರ್ಷದಿಂದಮ್ಮ ಈ ಕೆಮ್ಮು?" ಅಂದರು. ಅವ್ವ ನೆಲ ನೋಡುತ್ತಾ, "ಅದು ಕೆಮ್ಮು ಅಂತ್ಲೇ ಅಂದ್ಕಂಡಿರ್ಲಿಲ್ಲ ಸಾ" ಅಂದಳು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತಳು. ಅತ್ತಿಗೆಯ ಹೆಸರು ಹೇಳಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತೆ.

ಡಾಕ್ಟರು ದಿನಾ ಎಳೆಯುವ ಪಂಪು ಬರೆದರು. ಹುಳದ ಮನೆಯಲ್ಲಿ ಎಳೆದರೂ ಹುಳಕ್ಕೆ ಏನೂ ಆಗುವುದಿಲ್ಲ ಅಂತ ಅವ್ವನಿಗೆ ನಾನು ಹೇಳಿದೆ. ಅವರೂ ಹೌದು ಅಂದರು. ಕೊಳವೆಯನ್ನು ಒರೆಸಿ ಎತ್ತಿಡಲು ಹೋದರು.

"ನಂದೂ ನೋಡಿ ಸಾ" ಅಂದೆ.

ಅವರು ಕೊಳವೆಗೆ ಬೇರೆ ಬಾಯಿ ಸಿಕ್ಕಿಸಿ ಕೊಟ್ಟರು. ನೆಟ್ಟಗೆ ನಿಂತುಕೊಂಡು, ಆದಷ್ಟು ಉಸಿರು ಎಳೆದುಕೊಂಡು, ಊದಿದೆ.